ಒಂದೇ ತೈಲ, ಬೇರೆ ಬೇರೆ ಏರಿಕೆ: 2022ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆ ಮಾಡಿದ್ದೇನು?

2022ರ ಜೂನ್‌ನಲ್ಲಿ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಪೆಟ್ರೋಲ್ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 59.9ರಷ್ಟು ದುಬಾರಿಯಾಗಿತ್ತು. ಬ್ರಿಟನ್ನಿನಲ್ಲಿ ವಾಹನ ಇಂಧನದ ಏರಿಕೆ ಶೇ. 42.3, ಜರ್ಮನಿಯಲ್ಲಿ ಶೇ. 33.2. ಮೂರೂ ದೇಶಗಳು ಕೊಳ್ಳುವ ಕಚ್ಚಾ ತೈಲದ ಮಾರುಕಟ್ಟೆ ಒಂದೇ. ಹಾಗಿದ್ದರೆ ಅಮೆರಿಕದ ಕಂಪನಿಗಳು ಹೆಚ್ಚು ದೋಚಿದವೇ, ಜರ್ಮನಿಯ ಸರ್ಕಾರ ಹೆಚ್ಚು ಜಾಣತನ ತೋರಿತೇ? ಆಗ ನಡೆದ ಚರ್ಚೆಯಲ್ಲಿ ಎರಡೂ ಮಾತು ಬಂದವು. ಲೆಕ್ಕ ಬಿಡಿಸಿ ನೋಡಿದರೆ ಮೊದಲನೆಯದಕ್ಕೆ ಆಧಾರ ಸಿಗುವುದಿಲ್ಲ, ಎರಡನೆಯದಕ್ಕೆ ಅರ್ಧ ಮಾತ್ರ ಸಿಗುತ್ತದೆ. ವ್ಯತ್ಯಾಸದ ಬಹುಪಾಲು ಇರುವುದು ತೆರಿಗೆಯನ್ನು ಯಾವ ರೂಪದಲ್ಲಿ ಹಾಕಿದ್ದಾರೆ ಎಂಬುದರಲ್ಲಿ: ಲೀಟರಿಗೆ ಇಂತಿಷ್ಟು ಎಂದೋ, ಬೆಲೆಯ ಶೇಕಡಾ ಇಂತಿಷ್ಟು ಎಂದೋ.

ತೈಲದಿಂದಲೇ ಶುರು ಮಾಡೋಣ. ಜಾಗತಿಕ ಬೆಲೆಗೆ ಮಾನದಂಡವಾದ ಬ್ರೆಂಟ್ ಕಚ್ಚಾ ತೈಲದ ಸರಾಸರಿ ಬೆಲೆ 2021ರ ಜೂನ್‌ನಲ್ಲಿ ಬ್ಯಾರೆಲ್ಲಿಗೆ ಸುಮಾರು 73 ಡಾಲರ್ ಇದ್ದದ್ದು 2022ರ ಜೂನ್‌ನಲ್ಲಿ ಸುಮಾರು 123 ಡಾಲರ್ ಆಯಿತು. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಹಾಗಾಗಿ 50 ಡಾಲರ್ ಏರಿಕೆ ಲೀಟರಿಗೆ 31 ಅಮೆರಿಕನ್ ಸೆಂಟ್ ಚಿಲ್ಲರೆ. ಬಂಕಿನ ಬೆಲೆಯಲ್ಲಿ ತೆರಿಗೆ ಬಿಟ್ಟು ಉಳಿಯುವ ಭಾಗ ಏರಿದ್ದು ಇದಕ್ಕಿಂತ ಹೆಚ್ಚು, ಐವತ್ತು ಸೆಂಟಿನ ಆಸುಪಾಸು. ನಡುವಿನ ಇಪ್ಪತ್ತು ಸೆಂಟ್ ಹೆಚ್ಚಾಗಿ ಸಂಸ್ಕರಣಾಗಾರಗಳ ಮಟ್ಟದಲ್ಲಿ ಸೇರಿಕೊಂಡಿತು. ಕೋವಿಡ್ ಕಾಲದಲ್ಲಿ ಹಲವು ಸಂಸ್ಕರಣಾಗಾರಗಳು ಮುಚ್ಚಿದ್ದವು, ಉಕ್ರೇನ್ ಯುದ್ಧದ ನಂತರ ರಷ್ಯಾದ ಸಿದ್ಧ ಇಂಧನವನ್ನು ಕೊಳ್ಳುವವರು ಹಿಂಜರಿದರು. ಕಚ್ಚಾ ತೈಲಕ್ಕೂ ಸಿದ್ಧ ಪೆಟ್ರೋಲಿಗೂ ನಡುವಿನ ಅಂತರ ಹಿಗ್ಗಿತು. ಕಚ್ಚಾ ತೈಲದ ಬೆಲೆಯೊಂದನ್ನೇ ಹಿಡಿದು ಬಂಕಿನ ಬೆಲೆ ಊಹಿಸಿದವರು ಆ ವರ್ಷ ಎಡವಿದ್ದು ಇಲ್ಲೇ. ತೆರಿಗೆಯ ಪಾತ್ರ ತಿಳಿಯಲು ಹೋಲಿಸಬೇಕಾದದ್ದು ತೆರಿಗೆ ಕಳೆದ ಬಂಕ್ ಬೆಲೆಯನ್ನು.

ಬ್ರಿಟನ್ನಿನ ಒಂದು ಲೀಟರ್

2021ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 130 ಪೆನ್ಸ್. ಅಲ್ಲಿ ಎರಡು ತೆರಿಗೆಗಳಿವೆ. ಇಂಧನ ಸುಂಕ 2011ರ ಮಾರ್ಚ್‌ನಿಂದ ಲೀಟರಿಗೆ 57.95 ಪೆನ್ಸ್‌ನಲ್ಲೇ ನಿಂತಿತ್ತು. ಅದರ ಮೇಲೆ, ಅಂದರೆ ಸುಂಕವನ್ನೂ ಸೇರಿಸಿಕೊಂಡ ಮೊತ್ತದ ಮೇಲೆ, ಶೇ. 20 ವ್ಯಾಟ್. ಬಿಡಿಸುವಾಗ ಈ ಕ್ರಮವನ್ನು ತಲೆಕೆಳಗು ಮಾಡಬೇಕು: ಮೊದಲು 130ನ್ನು 1.2ರಿಂದ ಭಾಗಿಸಿ, 108.3 ಬರುತ್ತದೆ, ಆಮೇಲೆ 57.95 ಕಳೆಯಿರಿ, ಉಳಿಯುವುದು 50.4 ಪೆನ್ಸ್. ತೈಲ, ಸಂಸ್ಕರಣೆ, ಸಾಗಣೆ, ಬಂಕಿನ ಲಾಭ ಎಲ್ಲವೂ ಈ 50.4ರಲ್ಲಿ ಅಡಗಿವೆ. ಉಳಿದ 79.6 ಪೆನ್ಸ್ ತೆರಿಗೆ, ಬಂಕ್ ಬೆಲೆಯ ಶೇ. 61. ಮೊದಲು ಸುಂಕ ಕಳೆದು ಆಮೇಲೆ 1.2ರಿಂದ ಭಾಗಿಸುವ ತಪ್ಪು ಬಹಳ ಸಾಮಾನ್ಯ. ಹಾಗೆ ಮಾಡಿದರೆ 60 ಪೆನ್ಸ್ ಬಂದು ಇಡೀ ವಿಶ್ಲೇಷಣೆ ಹಾಳಾಗುತ್ತದೆ.

ಒಂದು ವರ್ಷದ ನಂತರ ಬೆಲೆ ಸುಮಾರು 184 ಪೆನ್ಸ್. ಅಷ್ಟರಲ್ಲಿ, ಮಾರ್ಚ್ 23ರಂದು, ಸುಂಕವನ್ನು 5 ಪೆನ್ಸ್ ಇಳಿಸಿ 52.95ಕ್ಕೆ ತಂದಿದ್ದರು. ಅದೇ ವಿಧಾನದಲ್ಲಿ ಬಿಡಿಸಿದರೆ 184 ಭಾಗಿಸು 1.2 ಎಂದರೆ 153.3, ಅದರಲ್ಲಿ 52.95 ಹೋದರೆ 100.4. ಸರಕಿನ ಬೆಲೆ, ಅಂದರೆ ತೆರಿಗೆ ಕಳೆದ ಬೆಲೆ, 50.4ರಿಂದ 100.4ಕ್ಕೆ, ಹತ್ತಿರಹತ್ತಿರ ಎರಡು ಪಟ್ಟು ಏರಿತು. ಬಂಕಿನಲ್ಲಿ ಕಂಡದ್ದು ಶೇ. 41ರಿಂದ 42ರ ಏರಿಕೆ. ಶೇ. 99 ಏರಿದ ವಸ್ತು ಶೇ. 42 ಮಾತ್ರ ಏರಿದಂತೆ ತೋರಿತು, ಏಕೆಂದರೆ ಸುಂಕವೆಂಬ ದೊಡ್ಡ ತುಂಡು ಕದಲಲಿಲ್ಲ.

ಈ ಲೆಕ್ಕದೊಳಗೆ ಇನ್ನೊಂದು ಸಂಗತಿ ಇದೆ. 2022ರ ಜೂನ್‌ನ ತೆರಿಗೆಯ ಮೊತ್ತ 52.95 ಮತ್ತು ವ್ಯಾಟ್ 30.7 ಸೇರಿ 83.6 ಪೆನ್ಸ್. ಹಿಂದಿನ ವರ್ಷದ 79.6ಕ್ಕಿಂತ 4 ಪೆನ್ಸ್ ಜಾಸ್ತಿ. ಸುಂಕದಲ್ಲಿ 5 ಪೆನ್ಸ್ ಬಿಟ್ಟುಕೊಟ್ಟ ಖಜಾನೆಗೆ ವ್ಯಾಟ್‌ನಲ್ಲಿ 9 ಪೆನ್ಸ್ ಬಂತು. ಹಾಗೆಂದು ಖಜಾನೆ ಲಾಭ ಹೊಡೆಯಿತು ಎನ್ನುವುದೂ ಅವಸರದ ಮಾತೇ: ವ್ಯಾಟ್ ನೋಂದಣಿ ಇರುವ ಉದ್ಯಮಗಳು ಅದನ್ನು ಮರಳಿ ಪಡೆಯುತ್ತವೆ, ಪೆಟ್ರೋಲಿಗೆ ಹೆಚ್ಚು ತೆತ್ತ ಮನೆಯವರು ವ್ಯಾಟ್ ಇರುವ ಬೇರೆ ಯಾವುದನ್ನೋ ಕೊಳ್ಳದೆ ಬಿಡುತ್ತಾರೆ.

ಅಮೆರಿಕದ ಒಂದು ಗ್ಯಾಲನ್

ಅಮೆರಿಕದಲ್ಲಿ ಸಾಮಾನ್ಯ ಪೆಟ್ರೋಲ್‌ನ ಸರಾಸರಿ ಬೆಲೆ ಗ್ಯಾಲನ್ನಿಗೆ 3.06 ಡಾಲರಿನಿಂದ 4.93 ಡಾಲರಿಗೆ ಹೋಯಿತು. ಒಕ್ಕೂಟದ ತೆರಿಗೆ 18.4 ಸೆಂಟ್, 1993ರಿಂದ ಬದಲಾಗಿಲ್ಲ. ರಾಜ್ಯಗಳ ತೆರಿಗೆ ಮತ್ತು ಶುಲ್ಕ ಸರಾಸರಿ 31 ಸೆಂಟ್ ಆಸುಪಾಸು. ಎರಡೂ ಸೇರಿ ಅರ್ಧ ಡಾಲರ್ ಎಂದಿಟ್ಟುಕೊಳ್ಳಿ. ಕಳೆದರೆ ಸರಕಿನ ಬೆಲೆ 2.56ರಿಂದ 4.43 ಡಾಲರಿಗೆ, ಶೇ. 73 ಏರಿಕೆ. ಬಂಕಿನಲ್ಲಿ ಶೇ. 61. ಆರಂಭದ ಬೆಲೆಯಲ್ಲಿ ತೆರಿಗೆಯ ಪಾಲು ಕೇವಲ ಶೇ. 16 ಇದ್ದುದರಿಂದ ಸರಕಿನ ಏರಿಕೆ ಹೆಚ್ಚುಕಡಿಮೆ ಹಾಗೇ ದಾಟಿಬಂತು.

ಈಗ ಎರಡೂ ದೇಶದ ಸರಕಿನ ಬೆಲೆಯನ್ನು ಡಾಲರಿನಲ್ಲಿ, ಲೀಟರಿಗೆ ತಂದು ನೋಡಬೇಕು. ಗ್ಯಾಲನ್ ಎಂದರೆ 3.785 ಲೀಟರ್. ಅಮೆರಿಕದಲ್ಲಿ 67.6 ಸೆಂಟಿನಿಂದ 117 ಸೆಂಟಿಗೆ, ಏರಿಕೆ 49 ಸೆಂಟ್. ಪೌಂಡಿನ ದರ 2021ರ ಜೂನ್‌ನಲ್ಲಿ ಸುಮಾರು 1.40 ಡಾಲರ್, ಮರುವರ್ಷ ಸುಮಾರು 1.23. ಅದರಂತೆ ಬ್ರಿಟನ್ನಿನಲ್ಲಿ 70.6 ಸೆಂಟಿನಿಂದ 123.5 ಸೆಂಟಿಗೆ, ಏರಿಕೆ 53 ಸೆಂಟ್. ಒಂದು ಕಡೆ 49, ಇನ್ನೊಂದು ಕಡೆ 53. ತೆರಿಗೆ ಕಳಚಿಟ್ಟರೆ ಎರಡೂ ದೇಶಗಳಿಗೆ ಬಿದ್ದ ಪೆಟ್ಟು ಬಹುತೇಕ ಸಮ, ಸ್ವಲ್ಪ ಹೆಚ್ಚು ಬಿದ್ದದ್ದು ಕಡಿಮೆ ಹಣದುಬ್ಬರ ತೋರಿಸಿದ ದೇಶಕ್ಕೆ.

ವಿನಿಮಯ ದರದ್ದು ಪ್ರತ್ಯೇಕ ಕಥೆ. ಪೌಂಡ್ 1.40ರಲ್ಲೇ ನಿಂತಿದ್ದರೆ 123.5 ಸೆಂಟಿನ ಸರಕು 88.2 ಪೆನ್ಸ್ ಆಗುತ್ತಿತ್ತು, ಬಂಕ್ ಬೆಲೆ 169ರ ಸುಮಾರಿಗೆ ನಿಲ್ಲುತ್ತಿತ್ತು. ಸಾಗಣೆ, ಸಂಬಳದಂಥ ಸ್ಥಳೀಯ ಖರ್ಚು ಪೌಂಡಿನಲ್ಲೇ ಇರುವುದರಿಂದ ಇದು ತುಸು ಉತ್ಪ್ರೇಕ್ಷಿತ ಅಂದಾಜು. ಆದರೂ ಪೌಂಡಿನ ಇಳಿತದ ಹೊರೆ ಹನ್ನೆರಡು ಹದಿನಾಲ್ಕು ಪೆನ್ಸ್‌ನಷ್ಟು, ಅದೇ ಸುಂಕ ಕಡಿತದಿಂದ ಸಿಕ್ಕ ನಿರಾಳ ವ್ಯಾಟ್ ಸೇರಿ 6 ಪೆನ್ಸ್. ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಹೆಚ್ಚು ಜಾಗ ಸಿಕ್ಕಿದ್ದು ಎರಡನೆಯದಕ್ಕೇ.

ಮೊತ್ತ ಅದೇ, ರೂಪ ಬೇರೆ

ಹೆಚ್ಚು ತೆರಿಗೆ ಇದ್ದರೆ ಹಣದುಬ್ಬರ ಕಡಿಮೆ ಎಂದು ಇಲ್ಲಿಗೇ ತೀರ್ಮಾನಿಸುವವರಿದ್ದಾರೆ. ಅದು ಅರ್ಧ ಸತ್ಯ. ಬ್ರಿಟನ್ನಿನ ಅದೇ 79.6 ಪೆನ್ಸ್ ತೆರಿಗೆಯನ್ನು ಬೇರೆ ಬೇರೆ ರೂಪದಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಪೂರ್ತಿ ತೆರಿಗೆ ಲೀಟರಿಗೆ 79.6 ಪೆನ್ಸ್ ಎಂದು ನಿಗದಿಯಾಗಿದ್ದು, ವ್ಯಾಟ್ ಇಲ್ಲದೆ ಹೋಗಿದ್ದರೆ, ಬೆಲೆ 130ರಿಂದ 180ಕ್ಕೆ ಏರುತ್ತಿತ್ತು. ಏರಿಕೆ ಶೇ. 38. ಇದ್ದ ಮಿಶ್ರ ರೂಪದಲ್ಲಿ, ಸುಂಕ ಕಡಿತ ಇಲ್ಲದಿದ್ದರೆ, 190 ಪೆನ್ಸ್, ಶೇ. 46. ಪೂರ್ತಿ ತೆರಿಗೆ ಸರಕಿನ ಬೆಲೆಯ ಶೇಕಡಾವಾರು ಆಗಿದ್ದರೆ (2021ರ ಮಟ್ಟದಲ್ಲಿ ಅದು ಶೇ. 158) ಬೆಲೆ 259 ಪೆನ್ಸ್, ಏರಿಕೆ ಶೇ. 99. ಮೂರರಲ್ಲೂ ಆರಂಭದ ಬೆಲೆ ಒಂದೇ, ಆರಂಭದ ತೆರಿಗೆ ಒಂದೇ, ತೈಲದ ಪೆಟ್ಟೂ ಒಂದೇ. ಶೇ. 61 ತೆರಿಗೆ ಇದ್ದೂ ಶೇ. 99 ಏರಿಕೆ ಸಾಧ್ಯ ಎಂದಾದರೆ ತೆರಿಗೆಯ ಮಟ್ಟಕ್ಕಿಂತ ರೂಪವೇ ಮುಖ್ಯ. ಲೀಟರಿಗೆ ನಿಗದಿಯಾದ ಸುಂಕ ಏರಿಕೆಯ ಶೇಕಡಾವನ್ನು ತಗ್ಗಿಸುತ್ತದೆ, ಬೆಲೆಯನ್ನಲ್ಲ. ಶೇಕಡಾವಾರು ತೆರಿಗೆ ಏರಿಕೆಯ ಶೇಕಡಾವನ್ನು ಹಾಗೇ ದಾಟಿಸಿ, ಪೆನ್ಸ್ ಲೆಕ್ಕದ ಏರಿಕೆಯನ್ನು ದೊಡ್ಡದು ಮಾಡುತ್ತದೆ.

ಚಾಲಕನಿಗೆ ಇದರಿಂದ ಸಮಾಧಾನವೇನೂ ಇಲ್ಲ. ಐವತ್ತು ಲೀಟರ್ ಟ್ಯಾಂಕ್ ತುಂಬಿಸುವ ಬ್ರಿಟಿಷ್ ಚಾಲಕ ಹಿಂದಿನ ವರ್ಷಕ್ಕಿಂತ 27 ಪೌಂಡ್ ಹೆಚ್ಚು ಕೊಟ್ಟ. ಅಮೆರಿಕದವನು ಅಷ್ಟೇ ಇಂಧನಕ್ಕೆ 25 ಡಾಲರ್ ಹೆಚ್ಚು ಕೊಟ್ಟ. ಶೇಕಡಾದಲ್ಲಿ ಹಿಂದಿದ್ದವನ ಜೇಬಿಗೇ ಹೆಚ್ಚು ಕತ್ತರಿ ಬಿತ್ತು.

ಜರ್ಮನಿಯ ಮೂರು ತಿಂಗಳು

ಜರ್ಮನಿಯಲ್ಲಿ ಪೆಟ್ರೋಲಿನ ಮೇಲಿನ ಇಂಧನ ತೆರಿಗೆ ಲೀಟರಿಗೆ 65.45 ಯೂರೊ ಸೆಂಟ್. 2022ರ ಜೂನ್ 1ರಿಂದ ಆಗಸ್ಟ್ 31ರವರೆಗೆ ಅದನ್ನು ಐರೋಪ್ಯ ಒಕ್ಕೂಟ ಅನುಮತಿಸುವ ಕನಿಷ್ಠ ಮಟ್ಟವಾದ 35.9 ಸೆಂಟಿಗೆ ಇಳಿಸಿದರು. ಕಡಿತ 29.55 ಸೆಂಟ್, ಶೇ. 19 ವ್ಯಾಟ್ ಸೇರಿಸಿದರೆ 35.2. ಡೀಸೆಲ್ ಮೊದಲೇ ಕನಿಷ್ಠ ಮಟ್ಟಕ್ಕೆ ಹತ್ತಿರ ಇದ್ದುದರಿಂದ ಅದರಲ್ಲಿ ವ್ಯಾಟ್ ಸೇರಿ 16.7 ಸೆಂಟ್ ಮಾತ್ರ ಕಡಿಮೆಯಾಯಿತು. ಸರ್ಕಾರಕ್ಕೆ ತಗಲುವ ವೆಚ್ಚದ ಅಂದಾಜು ಸುಮಾರು 3.15 ಶತಕೋಟಿ ಯೂರೊ.

ವಾಹನ ಇಂಧನದ ಹಣದುಬ್ಬರ ಮೇ ತಿಂಗಳಿನ ಶೇ. 41.0ರಿಂದ ಜೂನ್‌ನಲ್ಲಿ ಶೇ. 33.2ಕ್ಕೆ ಇಳಿಯಿತು. ಹಿಂದಿನ ವರ್ಷ ಒಂದೂವರೆ ಯೂರೊ ಇದ್ದ ಲೀಟರಿನ ಮೇಲೆ 35 ಸೆಂಟ್ ಎಂದರೆ ಇಪ್ಪತ್ತಕ್ಕೂ ಹೆಚ್ಚು ಶೇಕಡಾ ಅಂಶ ಇಳಿಯಬೇಕಿತ್ತು, ಇಳಿದದ್ದು ಎಂಟು. ಉಳಿದದ್ದನ್ನು ಕಂಪನಿಗಳು ನುಂಗಿದವು ಎಂಬ ಸಿಟ್ಟು ಆಗ ಜೋರಾಗಿತ್ತು. ಎರಡು ಕಾರಣಗಳನ್ನು ಗಣನೆಗೆ ತೆಗೆದುಕೊಳ್ಳದೆ ಆ ತೀರ್ಪು ಕೊಡಲಾಗದು. ಈ ಅಂಕಿಯಲ್ಲಿ ಡೀಸೆಲ್ ಸೇರಿದೆ, ಅದರ ಕಡಿತ ಅರ್ಧಕ್ಕಿಂತ ಕಡಿಮೆ. ಜೊತೆಗೆ ಜೂನ್‌ನಲ್ಲಿ ತೆರಿಗೆ ಇಳಿದದ್ದಷ್ಟೇ ನಡೆಯಲಿಲ್ಲ. ಅದೇ ತಿಂಗಳು ಬ್ರಿಟನ್ನಿನಲ್ಲಿ ಪೆಟ್ರೋಲ್ 18 ಪೆನ್ಸ್ ಏರಿತು, ಅಂದರೆ ಸುಮಾರು 21 ಯೂರೊ ಸೆಂಟ್. ಅಮೆರಿಕದಲ್ಲಿ ಒಂದೇ ತಿಂಗಳಿಗೆ ಶೇ. 11.2 ಏರಿತು. ಜರ್ಮನಿಯೂ ಆ ಏರಿಕೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ರಿಯಾಯಿತಿಯ ಒಂದು ಭಾಗ ಬೆಲೆ ಇಳಿಸಲು ಹೋಯಿತು, ಇನ್ನೊಂದು ಭಾಗ ಬರುತ್ತಿದ್ದ ಏರಿಕೆಯನ್ನು ಮುಚ್ಚಲು ಖರ್ಚಾಯಿತು. ಮೊದಲನೆಯದು ಫಲಕದ ಮೇಲೆ ಕಾಣುತ್ತದೆ, ಎರಡನೆಯದು ಯಾರಿಗೂ ಕಾಣುವುದಿಲ್ಲ.

ಹೀಗಾಗಿ ಕಡಿತ ಗ್ರಾಹಕರಿಗೆ ತಲುಪಿತೇ ಎಂದು ನೋಡಲು ಹಿಂದಿನ ತಿಂಗಳ ಬೆಲೆ ಅಳತೆಗೋಲಲ್ಲ. ತೆರಿಗೆ ಬದಲಾಗದ ನೆರೆಯ ದೇಶದ ಬೆಲೆ ಬೇಕು. ಮ್ಯೂನಿಕ್ಕಿನ ಇಫೊ ಆರ್ಥಿಕ ಸಂಶೋಧನಾ ಸಂಸ್ಥೆ ಆ ಬಗೆಯ ಹೋಲಿಕೆಯಿಂದ ಮೊದಲ ವಾರಗಳಲ್ಲಿ ಪೆಟ್ರೋಲಿನ ಕಡಿತದ ಶೇ. 85ರಷ್ಟು, ಡೀಸೆಲ್‌ನಲ್ಲಿ ಪೂರ್ತಿ ಶೇ. 100 ಗ್ರಾಹಕರಿಗೆ ಸಿಕ್ಕಿತೆಂದು ಲೆಕ್ಕಹಾಕಿತು. ನೆರೆದೇಶವನ್ನು ಆರಿಸುವಾಗ ಎಚ್ಚರ ಬೇಕು. ಆ ವರ್ಷ ಫ್ರಾನ್ಸ್ ಏಪ್ರಿಲ್ 1ರಿಂದ ಲೀಟರಿಗೆ 18 ಸೆಂಟ್, ಸೆಪ್ಟೆಂಬರ್ 1ರಿಂದ 30 ಸೆಂಟ್ ರಿಯಾಯಿತಿ ಕೊಡುತ್ತಿತ್ತು. ಇಟಲಿ ಮಾರ್ಚ್‌ನಿಂದಲೇ ಸುಂಕವನ್ನು 25 ಸೆಂಟ್ ಇಳಿಸಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಫ್ರಾನ್ಸಿನ ರಿಯಾಯಿತಿ ಬದಲಾಗದೆ ಇದ್ದುದರಿಂದ ಹೋಲಿಕೆ ನಿಲ್ಲುತ್ತದೆ, ಸೆಪ್ಟೆಂಬರ್ ಸೇರಿಸಿದರೆ ನಿಲ್ಲುವುದಿಲ್ಲ.

ಕಡಿತ ಪೂರ್ತಿ ದಾಟಿಬರುವುದು ಪೂರೈಕೆ ಸಡಿಲವಾಗಿದ್ದಾಗ. ಒಂದು ದೇಶ ಮಾತ್ರ ತೆರಿಗೆ ಇಳಿಸಿ, ಅಕ್ಕಪಕ್ಕದಿಂದ ಇಂಧನ ಹರಿದುಬರುವಂತಿದ್ದರೆ ಮಾರಾಟಗಾರ ಕಡಿತವನ್ನು ಹಿಡಿದಿಟ್ಟುಕೊಳ್ಳಲಾರ. ಅಕ್ಕಪಕ್ಕದ ಎಲ್ಲರೂ ಒಟ್ಟಿಗೆ ಇಳಿಸಿದರೆ, ಸಂಸ್ಕರಣಾಗಾರಗಳೂ ತುಂಬಿ ಓಡುತ್ತಿದ್ದರೆ, ಬೇಡಿಕೆ ಉಳಿಯುತ್ತದೆ, ಪೂರೈಕೆ ಹೆಚ್ಚುವುದಿಲ್ಲ, ಕಡಿತದ ಒಂದು ಪಾಲು ಮೇಲಕ್ಕೆ ಸೋರಿಹೋಗುತ್ತದೆ. ಪ್ರತಿ ಸರ್ಕಾರಕ್ಕೂ ತನ್ನ ಕಡಿತ ಸರಿಯಾಗಿಯೇ ಕಾಣುತ್ತದೆ, ಒಟ್ಟಾಗಿ ನೋಡಿದಾಗ ಬೊಕ್ಕಸದ ಹಣ ತೈಲ ಮಾರುವವರ ಕಡೆ ಹರಿದಿರುತ್ತದೆ.

ತೆರಿಗೆ ಹುಟ್ಟುವ ಜಾಗವೂ ಮುಖ್ಯ. ಜರ್ಮನಿಯಲ್ಲಿ ಇಂಧನ ತೆರಿಗೆ ಬೀಳುವುದು ಬಂಕಿನ ನಳಿಕೆಯಲ್ಲಿ ಅಲ್ಲ, ಸಂಸ್ಕರಣಾಗಾರ ಅಥವಾ ತೆರಿಗೆ ಗೋದಾಮಿನಿಂದ ಟ್ಯಾಂಕರ್ ಹೊರಟಾಗ. ಜೂನ್ 1ರ ಬೆಳಿಗ್ಗೆ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ಇದ್ದದ್ದು ಹಳೆಯ ತೆರಿಗೆ ಕಟ್ಟಿದ ಮಾಲು. ಅದನ್ನು ಹೊಸ ಬೆಲೆಗೆ ಮಾರಿದರೆ ಮಾಲೀಕನಿಗೆ, ವ್ಯಾಟ್ ಬಿಟ್ಟು, ಲೀಟರಿಗೆ ಸುಮಾರು 30 ಸೆಂಟ್ ನಷ್ಟ. ಆದ್ದರಿಂದ ಕಡಿತಕ್ಕೆ ಮೊದಲಿನ ವಾರ ಬಂಕುಗಳು ದಾಸ್ತಾನು ಬರಿದು ಮಾಡಿಕೊಳ್ಳಲು ನೋಡುತ್ತವೆ, ಚಾಲಕರೂ ಅರ್ಧ ಟ್ಯಾಂಕಿನಲ್ಲೇ ದಿನ ತಳ್ಳುತ್ತಾರೆ. ಕಡಿತ ಮುಗಿಯುವ ವಾರದಲ್ಲಿ ಇದು ತಿರುಗುಮುರುಗು: ಎಲ್ಲರಿಗೂ ತುಂಬಿಸಿಕೊಳ್ಳುವ ಆತುರ, ಬಂಕಿನ ಮುಂದೆ ಸಾಲು. ಇಂಥ ಯೋಜನೆ ರೂಪಿಸುವವರು ಕಡಿತವನ್ನು ಒಂದೇ ರಾತ್ರಿ ತೆಗೆಯದೆ ಎರಡು ಮೂರು ಹಂತದಲ್ಲಿ ತೆಗೆಯುವುದು ಲೇಸು. ಫ್ರಾನ್ಸ್ ನವೆಂಬರ್ ಮಧ್ಯದಲ್ಲಿ 30 ಸೆಂಟನ್ನು 10ಕ್ಕೆ ಇಳಿಸಿ, ವರ್ಷಾಂತ್ಯಕ್ಕೆ ನಿಲ್ಲಿಸಿದ್ದು ಆ ರೀತಿ.

ಭಾರತ: ತೈಲಕ್ಕೆ ಎದುರು ದಿಕ್ಕಿನಲ್ಲಿ

ಇದು ಮೂರನೆಯ ಬಗೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ನಿಗದಿಯಾದದ್ದು, ಬಹುತೇಕ ರಾಜ್ಯಗಳ ವ್ಯಾಟ್ ಶೇಕಡಾವಾರು, ಅದೂ ಅಬಕಾರಿಯನ್ನು ಸೇರಿಸಿಕೊಂಡ ಬೆಲೆಯ ಮೇಲೆ. ಹಾಗಾಗಿಯೇ 2022ರ ಮೇ ತಿಂಗಳಲ್ಲಿ ಅಬಕಾರಿ 8 ರೂಪಾಯಿ ಇಳಿದಾಗ ಬಂಕಿನಲ್ಲಿ ಸುಮಾರು ಒಂಬತ್ತೂವರೆ ರೂಪಾಯಿ ಇಳಿಯುತ್ತದೆಂದು ಘೋಷಿಸಿದ್ದು.

ಇಲ್ಲಿ ನೋಡಬೇಕಾದದ್ದು ಕಾಲದ ಅಂತರ. 2020ರ ಆರಂಭದಲ್ಲಿ ಪೆಟ್ರೋಲಿನ ಅಬಕಾರಿ ಸುಂಕ 19.98 ರೂಪಾಯಿ. ಕಚ್ಚಾ ತೈಲ ಕುಸಿದಾಗ ಮಾರ್ಚ್‌ನಲ್ಲಿ 3, ಮೇನಲ್ಲಿ 10 ರೂಪಾಯಿ ಏರಿಸಿ 32.98 ಮಾಡಿದರು. ಆಗ ಬಂಕಿನ ಬೆಲೆ ಏರಲಿಲ್ಲ, ಇಳಿಯಬೇಕಾದದ್ದು ಇಳಿಯಲಿಲ್ಲ ಅಷ್ಟೇ. 2021ರಲ್ಲಿ ತೈಲ ಚೇತರಿಸಿಕೊಂಡಾಗ ಪೆಟ್ರೋಲ್ ನೂರು ರೂಪಾಯಿ ದಾಟಿತು. ತೆರಿಗೆ ಏರಿದ ಹೊತ್ತಿನಲ್ಲಿ ಅದು ಬಂಕಿನ ಬೆಲೆಯಲ್ಲಿ ಕಾಣಲಿಲ್ಲ. ಹಣದುಬ್ಬರ ಕಂಡ ವರ್ಷ ತೆರಿಗೆ ಏರಿರಲಿಲ್ಲ. ಎರಡು ಪಕ್ಷದವರೂ ತಮಗೆ ಬೇಕಾದ ವರ್ಷವನ್ನು ಹಿಡಿದು ವಾದಿಸಬಹುದು, ಇಬ್ಬರ ಅಂಕಿಯೂ ಸರಿಯೇ. 2021ರ ನವೆಂಬರ್‌ನಲ್ಲಿ 5, ಮರುವರ್ಷದ ಮೇನಲ್ಲಿ 8 ರೂಪಾಯಿ ಇಳಿಸಿದ ಮೇಲೆ ಸುಂಕ 19.90ಕ್ಕೆ, ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂತು.

ಇಳಿಯುವಾಗ

2023ರ ಜೂನ್ ಹೊತ್ತಿಗೆ ತೈಲ ತಣ್ಣಗಾಗಿತ್ತು. ಅಮೆರಿಕದಲ್ಲಿ ಪೆಟ್ರೋಲ್ ವರ್ಷದ ಲೆಕ್ಕದಲ್ಲಿ ಶೇ. 26.5 ಅಗ್ಗವಾಯಿತು, ಬ್ರಿಟನ್ನಿನ ವಾಹನ ಇಂಧನ ಶೇ. 22.7. ಏರುವಾಗ ಎರಡರ ನಡುವೆ ಹದಿನೇಳು ಶೇಕಡಾ ಅಂಶಕ್ಕೂ ಮೀರಿದ ಅಂತರವಿತ್ತು, ಇಳಿಯುವಾಗ ನಾಲ್ಕಕ್ಕಿಂತ ಕಡಿಮೆ. ಇಳಿಕೆ ಶುರುವಾದದ್ದು ಎತ್ತರದ ಬೆಲೆಯಿಂದ, ಅಲ್ಲಿ ಬ್ರಿಟನ್ನಿನ ತೆರಿಗೆಯ ಪಾಲು ಶೇ. 61ರಿಂದ 45ಕ್ಕೆ ಕರಗಿತ್ತು. ತೆಳುವಾದ ಮೆತ್ತೆ ಕಡಿಮೆ ತಡೆಯುತ್ತದೆ.

ಜರ್ಮನಿಗೆ ಅದೇ ತಿಂಗಳು ಬೇರೆ ತಲೆನೋವು. ಒಟ್ಟು ಹಣದುಬ್ಬರ 2023ರ ಮೇ ತಿಂಗಳಿನ ಶೇ. 6.1ರಿಂದ ಜೂನ್‌ನಲ್ಲಿ ಶೇ. 6.4ಕ್ಕೆ ಏರಿತು. ಹಿಂದಿನ ಬೇಸಿಗೆಯ ಇಂಧನ ರಿಯಾಯಿತಿ ಮತ್ತು ಸಾರ್ವಜನಿಕ ಸಾರಿಗೆಯ ತಿಂಗಳಿಗೆ 9 ಯೂರೊ ಪ್ರಯಾಣ ಟಿಕೆಟ್ ಹೋಲಿಕೆಯ ತಳವನ್ನು ತಗ್ಗಿಸಿದ್ದು ಇದಕ್ಕೆ ಕಾರಣ. ಮೂರು ತಿಂಗಳ ಕಡಿತ ವಾರ್ಷಿಕ ಹಣದುಬ್ಬರದಲ್ಲಿ ನಾಲ್ಕು ಮೆಟ್ಟಿಲು ಬಿಡುತ್ತದೆ: ಶುರುವಾದಾಗ ಕೆಳಕ್ಕೆ, ಮುಗಿದಾಗ ಮೇಲಕ್ಕೆ, ಮರುವರ್ಷ ಅದೇ ತಿಂಗಳು ಮೇಲಕ್ಕೆ, ಮತ್ತೆ ಮೂರು ತಿಂಗಳಿಗೆ ಕೆಳಕ್ಕೆ.

ಯಾವುದೇ ದೇಶಕ್ಕೆ ಈ ಲೆಕ್ಕ ಮಾಡುವಾಗ

ಮೊದಲು ತೆರಿಗೆಯ ಪಟ್ಟಿ ಮಾಡಿ, ಪ್ರತಿಯೊಂದೂ ಲೀಟರಿನ ಮೇಲಿನದೋ ಬೆಲೆಯ ಮೇಲಿನದೋ ಗುರುತಿಸಿ, ಯಾವುದರ ಮೇಲೆ ಯಾವುದು ಕೂರುತ್ತದೆ ಎಂಬ ಕ್ರಮ ಬರೆದುಕೊಳ್ಳಿ. ಬಂಕ್ ಬೆಲೆಯಿಂದ ಹಿಮ್ಮುಖವಾಗಿ ಕಳಚುತ್ತಾ ಸರಕಿನ ಬೆಲೆ ತಲುಪಿ. ವ್ಯಾಟ್ ಸೇರಿಸಿದ ಸರಕಿನ ಭಾಗವು ಆರಂಭದ ಬಂಕ್ ಬೆಲೆಯಲ್ಲಿ ಎಷ್ಟು ಪಾಲು ಎಂದು ನೋಡಿ. ಸರಕಿನ ಶೇಕಡಾ ಏರಿಕೆಯನ್ನು ಅದರಿಂದ ಗುಣಿಸಿದರೆ, ಸುಂಕ ಬದಲಾಗದಿದ್ದರೆ ಬರುವ ಬಂಕ್ ಹಣದುಬ್ಬರ ಸಿಗುತ್ತದೆ. ಬ್ರಿಟನ್ನಿಗೆ ಆ ಪಾಲು 0.465, 99ನ್ನು ಅದರಿಂದ ಗುಣಿಸಿದರೆ 46. ನಿಜದ ಅಂಕಿಗೂ ಇದಕ್ಕೂ ನಡುವಿನ ವ್ಯತ್ಯಾಸ ಸುಂಕ ಕಡಿತದ ಕೊಡುಗೆ, ಇಲ್ಲಿ ನಾಲ್ಕೂವರೆ ಶೇಕಡಾ ಅಂಶ.

ಐರೋಪ್ಯ ದೇಶಗಳಿಗೆ ಐರೋಪ್ಯ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೊಸ್ಟ್ಯಾಟ್ ತೆರಿಗೆ ದರ ಸ್ಥಿರವಾಗಿಟ್ಟು ಲೆಕ್ಕಿಸಿದ ಸೂಚ್ಯಂಕವನ್ನೂ ಪ್ರಕಟಿಸುತ್ತದೆ. ಕೆಲಸ ಹಗುರವಾಗುತ್ತದೆ, ಆದರೆ ಅದು ತೆರಿಗೆ ಬದಲಾವಣೆ ಆ ಕ್ಷಣವೇ ಪೂರ್ತಿ ದಾಟುತ್ತದೆ ಎಂದು ಭಾವಿಸುತ್ತದೆ. ಶೇ. 85 ಮಾತ್ರ ದಾಟಿದ್ದರೆ ಉಳಿದ ಪಾಲು ಸರಕಿನ ಬೆಲೆ ಏರಿದಂತೆ ತೋರುತ್ತದೆ. ಬಂಕಿಗೆ ಕೊಡುವ ಸಬ್ಸಿಡಿಯನ್ನೂ ಬಿಡಬೇಡಿ. ಫ್ರಾನ್ಸಿನದು ತೆರಿಗೆ ಕಡಿತವಲ್ಲ, ಸರ್ಕಾರ ಭರಿಸಿದ ರಿಯಾಯಿತಿ. ತೆರಿಗೆ ದರದ ಪಟ್ಟಿಯಲ್ಲಿ ಅದು ಸಿಗುವುದೇ ಇಲ್ಲ.

ಹಳೆಯ ದಶಕಗಳ ಅನುಭವವನ್ನು ಮುಂದಿನ ಆಘಾತಕ್ಕೆ ಹಾಗೇ ಹೊಂದಿಸಲೂ ಆಗದು. ಅಮೆರಿಕದ 18.4 ಸೆಂಟ್ 1993ರದು, ಜರ್ಮನಿಯ 65.45 ಸೆಂಟ್ 2003ರದು. ಬ್ರಿಟನ್ ಒಂದು ವರ್ಷಕ್ಕೆಂದು ಮಾಡಿದ 5 ಪೆನ್ಸ್ ಕಡಿತ ಮತ್ತೆ ಮತ್ತೆ ವಿಸ್ತರಣೆಯಾಯಿತು. ಲೀಟರಿಗೆ ನಿಗದಿಯಾದ ಸುಂಕ ಹೀಗೆ ನಿಂತಲ್ಲೇ ನಿಂತು, ಉಳಿದ ಬೆಲೆಗಳು ಮೇಲೇರುತ್ತಾ ಹೋದರೆ ಬಂಕ್ ಬೆಲೆಯಲ್ಲಿ ಅದರ ಪಾಲು ವರ್ಷವರ್ಷ ಕುಗ್ಗುತ್ತದೆ. ಸರಕಿನ ಬೆಲೆ ಶೇ. 50 ಏರಿದರೆ, ಇಪ್ಪತ್ತು ವರ್ಷದ ಹಿಂದೆ ಇದೇ ದೇಶಗಳ ಬಂಕಿನಲ್ಲಿ ಕಾಣುತ್ತಿದ್ದದ್ದಕ್ಕಿಂತ ಹೆಚ್ಚಿನ ಶೇಕಡಾ ಈಗ ಕಾಣುತ್ತದೆ.